ಕೊಪಣದ ಪಾದಗಳು, ಫೋನಿನ ದಿಕ್ಕು

ಕೊಪ್ಪಳದ ಪಾಲ್ಕಿಗುಂಡಿನ ಬೆಟ್ಟದ ಮೇಲೆ, ಅಶೋಕನ ಶಾಸನವಿರುವ ಪಲ್ಲಕ್ಕಿಯಾಕಾರದ ಬಂಡೆಯ ಸಮೀಪದಲ್ಲಿ, ಕಲ್ಲಿನಲ್ಲಿ ಕಡೆದ ಜೋಡಿ ಪಾದಗಳಿವೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನು ಅವನ್ನು ಮಾಡಿಸಿದನೆಂದೂ ಬಳಿಯಲ್ಲಿರುವ ಕಿರಿದಾದ ಹಳಗನ್ನಡ ಶಾಸನ ತಿಳಿಸುತ್ತದೆ. ಆ.ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಹೊರತಂದ ‘ವರಾಂಗಚರಿತ’ದ ಕರ್ತೃವೇ ಈ ಆಚಾರ್ಯರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳುನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ ಇದೇ.

ಶಾಸನ ಸಂಪುಟಗಳು ಬಹುಮಟ್ಟಿಗೆ ಪಾಠಕ್ಕೂ ಕಾಲಕ್ಕೂ ಒತ್ತು ಕೊಡುತ್ತವೆ. ಪಾದಗಳು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದು ಹಿಂದೆ ಸರಿಯುತ್ತದೆ. ಜೈನ ಆಚರಣೆಗಳಲ್ಲಿ ಪೂರ್ವಾಭಿಮುಖ, ಉತ್ತರಾಭಿಮುಖಗಳಿಗೆ ವಿಶೇಷ ಸ್ಥಾನವಿರುವುದರಿಂದ ನಿಷಿಧಿ, ಪಾದುಕೆಗಳ ವಿಷಯದಲ್ಲಿ ಇದು ಅಲಕ್ಷಿಸತಕ್ಕ ಸಂಗತಿಯಲ್ಲ. ಇಂದು ಗಂಗಾವತಿಯಿಂದಲೋ ಕುಷ್ಟಗಿ, ಯಲಬುರ್ಗಾಗಳಿಂದಲೋ ಬರುವ ಸಂಶೋಧನ ವಿದ್ಯಾರ್ಥಿಯ ಕೈಯಲ್ಲಿ ದಿಕ್ಸೂಚಿ ಇರದಿದ್ದರೂ ಫೋನಿದೆ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟವೂ ಆ ಫೋನಿನ ನಿಲುವನ್ನು ಓದಬಲ್ಲದು.

ಆ ನಿಲುವು ಮೂರು ಕೋನಗಳಲ್ಲಿ ದೊರೆಯುತ್ತದೆ. ಮುಂದೆ ಹಿಂದೆ ಬಾಗುವುದು ಬೀಟಾ, ಎಡಬಲಕ್ಕೆ ವಾಲುವುದು ಗಾಮಾ. ದಿಕ್ಕಿಗೆ ಬೇಕಾದುದು ಆಲ್ಫಾ, ತೊಡಕೆಲ್ಲವೂ ಅದರಲ್ಲಿಯೇ. ಅನೇಕ ಫೋನುಗಳಲ್ಲಿ ಅದರ ಸೊನ್ನೆ ಉತ್ತರವಲ್ಲ, ಪುಟ ತೆರೆದಾಗ ಫೋನು ಇದ್ದ ದಿಕ್ಕು. ಉತ್ತರಕ್ಕೆ ಕಟ್ಟುಬಿದ್ದ ಅಳತೆಯನ್ನು ಪುಟವು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಆಗಲೂ ಆಲ್ಫಾ ಅಪ್ರದಕ್ಷಿಣವಾಗಿ ಏರುತ್ತದೆ, ದಿಕ್ಸೂಚಿಯ ಎಣಿಕೆ ಪ್ರದಕ್ಷಿಣವಾಗಿ. ಆದುದರಿಂದ 360ರಿಂದ ಕಳೆಯಬೇಕು. ಐಫೋನಿನಲ್ಲಂತೂ 2019ರಿಂದೀಚೆಗೆ ಬಳಕೆದಾರನ ಅನುಮತಿಯಿಲ್ಲದೆ ಯಾವ ಕೋನವೂ ಸಿಗದು.

ಎಲ್ಲಕ್ಕಿಂತ ಮೋಸದ ತಪ್ಪು ಬೇರೊಂದಿದೆ. ಚಿತ್ರ ತೆಗೆಯಲು ಫೋನನ್ನು ಅಡ್ಡ ಹಿಡಿದಾಗ ಪರದೆಯ ಬರಹ ತಿರುಗುತ್ತದೆ, ಕೋನಗಳ ಅಕ್ಷ ತಿರುಗುವುದಿಲ್ಲ. ಪುಟ ಬರೆದವನು ಪರದೆ ತಿರುಗಿದ ಕೋನವನ್ನು ಲೆಕ್ಕಕ್ಕೆ ಕೂಡಿಸದಿದ್ದರೆ 90 ಡಿಗ್ರಿಯ ವ್ಯತ್ಯಾಸ ಬೀಳುತ್ತದೆ: ಪೂರ್ವ ಉತ್ತರವಾಗುತ್ತದೆ. ಎರಡೂ ಸಂಪ್ರದಾಯಕ್ಕೆ ಒಪ್ಪುವ ದಿಕ್ಕುಗಳೇ ಆದುದರಿಂದ ಮಾರ್ಗದರ್ಶಕರಾಗಲಿ ಪರೀಕ್ಷಕರಾಗಲಿ ಸಂಶಯಪಡಲು ಕಾರಣವೇ ಇರದು. ಹಾಗೆ ಅಚ್ಚಾದ ದಿಕ್ಕು ಮುಂದಿನ ಪ್ರಬಂಧಗಳಿಗೂ ಆಧಾರವಾಗುತ್ತದೆ.

ಸ್ಮಾರಕದ ಸುತ್ತಲಿನ ಕಬ್ಬಿಣದ ಬೇಲಿಯೂ ಫೋನಿನ ಕಾಂತಸಂವೇದಕವನ್ನು ಕೆಡಿಸಬಲ್ಲದು. ಬೆಳಗಿನ ಹೊತ್ತು ಬೆಟ್ಟವೇರಿದವರು ಸೂರ್ಯನನ್ನು ಒಮ್ಮೆ ನೋಡಿ, ಫೋನನ್ನು ನೆಟ್ಟಗೆ ಮಲಗಿಸಿ ಅಳೆದು, ಯಾವ ಸಾಧನದಿಂದ ಹೇಗೆ ಅಳೆದೆವೆಂಬುದನ್ನೂ ದಿಕ್ಕಿನ ಪಕ್ಕದಲ್ಲಿಯೇ ಬರೆದಿಡಬೇಕು.