ಚೀಲದ ತೂಕ, ಲೋಟದ ಲೆಕ್ಕ

ಮೂಡಿಗೆರೆ ಕಡೆಯ ಬೆಳೆಗಾರರಿಗೆ ಬೆಳಗೆದ್ದು ದೇವರ ಪಟಕ್ಕೆ ಕೈಮುಗಿಯುವ ಮೊದಲೇ ಫೋನಿನಲ್ಲಿ ಕಾಫಿ ಧಾರಣೆ ನೋಡುವ ಅಭ್ಯಾಸ. ಲಂಡನ್ನಿನವರು ರೋಬಸ್ಟಾಕ್ಕೆ ಟನ್ನಿಗಿಷ್ಟು ಡಾಲರ್ ಅನ್ನುತ್ತಾರೆ, ನ್ಯೂಯಾರ್ಕಿನವರು ಅರೇಬಿಕಾಕ್ಕೆ ಪೌಂಡಿಗಿಷ್ಟು ಸೆಂಟ್ ಅನ್ನುತ್ತಾರೆ, ನಮ್ಮೂರ ವ್ಯಾಪಾರಿ 50 ಕೆ.ಜಿ. ಚೀಲಕ್ಕಿಷ್ಟು ರೂಪಾಯಿ ಅನ್ನುತ್ತಾನೆ. ಮೂರನ್ನೂ ಬಾಯಲ್ಲೇ ಗುಣಿಸಿ ಭಾಗಿಸುವ ಪಕ್ಕದ ತೋಟದ ಗೌಡರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೇಗೆ ಮುಗ್ಗರಿಸಿದರೋ!

ಅವರಿಗೆ ಈಚೆಗೆ ಆಫ್ರಿಕಾದ ಗೀಳು ಹತ್ತಿದೆ. "ಇಥಿಯೋಪಿಯಾ ಜಾಸ್ತಿಯೋ, ಉಗಾಂಡಾ ಜಾಸ್ತಿಯೋ, ಒಂದ್ಸಲ ನೋಡಿ ಹೇಳಿ ಮಾರಾಯ್ರೆ" ಅಂದರು. ಎರಡರ ರಫ್ತಿನ ಪಟ್ಟಿ ಹರಡಿಕೊಂಡು ಕೂತೆ. ಮಳೆಗಾಲದಲ್ಲಿ, ಕರೆಂಟ್ ಇದ್ದಷ್ಟು ಹೊತ್ತು, ಸೋಮಾರಿಗೆ ಹೇಳಿ ಮಾಡಿಸಿದ ಕೆಲಸ.

ಮೊದಲ ತಕರಾರು ವರ್ಷದ್ದೇ. ಉಗಾಂಡಾದ ಕಾಫಿ ವರ್ಷ ನಮ್ಮದರಂತೆ ಅಕ್ಟೋಬರಿಗೆ ಶುರು. ಇಥಿಯೋಪಿಯಾ ಸರ್ಕಾರದ ಹಣಕಾಸು ವರ್ಷ ಜುಲೈ 8ಕ್ಕೆ. ಅವರ ಪಂಚಾಂಗದಲ್ಲಿ 13 ತಿಂಗಳು, ಇಸವಿಯೋ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಚೀಲವೂ ಬೇರೆ: ಲೋಕದ ಲೆಕ್ಕದ ಚೀಲ 60 ಕೆ.ಜಿ. 2023–24ರಲ್ಲಿ ಉಗಾಂಡಾ ಅಂಥ 60 ಲಕ್ಷಕ್ಕೂ ಹೆಚ್ಚು ಚೀಲ ಹೊರಗೆ ಕಳಿಸಿತು. ನಮ್ಮ ಚೀಲಕ್ಕೆ ತುಂಬಿದರೆ 72 ಲಕ್ಷ ದಾಟುತ್ತದೆ. ಕಳಸ, ಬಾಬಾಬುಡನ್‌ಗಿರಿಯಿಂದ ಹಿಡಿದು ಕೊಡಗು, ವಯನಾಡು, ಅರಕುವರೆಗೆ ಇಡೀ ಭಾರತ ಒಂದು ವರ್ಷ ಬೆಳೆಯುವುದೇ ಹೆಚ್ಚುಕಡಿಮೆ ಅಷ್ಟು.

ಎರಡಕ್ಕೂ ಸಮುದ್ರವಿಲ್ಲ. ಒಂದರ ಸರಕು ಜಿಬೂತಿಯಲ್ಲಿ ಹಡಗು ಹತ್ತುತ್ತದೆ, ಇನ್ನೊಂದರದು ಕೀನ್ಯಾದ ಮೊಂಬಾಸಾದಲ್ಲಿ. ಉಗಾಂಡಾದ ರೋಬಸ್ಟಾದಲ್ಲಿ ಒಂದಿಷ್ಟು ನಮ್ಮ ದೇಶಕ್ಕೇ ಬಂದು, ಇನ್‌ಸ್ಟಂಟ್ ಪುಡಿಯಾಗಿ ಮತ್ತೆ ಹಡಗು ಹತ್ತುತ್ತದೆ. ಆಗ ಅದು ಭಾರತದ ರಫ್ತು! ಜರ್ಮನಿಗಂತೂ ಒಂದೂ ಕಾಫಿ ತೋಟವಿಲ್ಲ, ರಫ್ತುದಾರರ ಪಟ್ಟಿಯಲ್ಲಿ ಮಾತ್ರ ಮೇಲಿನ ಸಾಲು. ಇದನ್ನು ಕೇಳಿ ಗೌಡರು ನಮ್ಮ ಪೇಟೆಯ ದಲ್ಲಾಳಿಯೊಬ್ಬನನ್ನು ನೆನೆದು ನಕ್ಕರು.

ನನಗೆ ಹಿಡಿಸಿದ್ದು ಪಟ್ಟಿಯಲ್ಲಿ ಬಾರದ ಕಾಫಿ. ಉಗಾಂಡಾ ಬೆಳೆದದ್ದನ್ನು ಬಹುಪಾಲು ಮಾರಿಬಿಡುತ್ತದೆ. ಮನೆಯಲ್ಲಿ ಕುಡಿಯುವುದು ಚಹಾ. ಹಿಂದೆ ಬುಗಾಂಡದವರು ಕಾಫಿಕಾಳನ್ನು ಜಗಿಯುತ್ತಿದ್ದರು. ಒಂದೇ ಹಣ್ಣಿನ ಎರಡು ಬೀಜ ಹಂಚಿಕೊಂಡು ಅಣ್ಣತಮ್ಮಂದಿರಾಗುವ ಆಚಾರವೂ ಇತ್ತು. ಇಥಿಯೋಪಿಯಾದವರು ತಮ್ಮ ಅರೇಬಿಕಾದಲ್ಲಿ ಅರ್ಧದಷ್ಟನ್ನು ತಾವೇ ಕುಡಿಯುತ್ತಾರೆ. ಅತಿಥಿಯ ಎದುರೇ ಕಾಳು ಹುರಿದು, ಧೂಪ ಹಾಕಿ, ಅಬೋಲ್, ತೋನ, ಬೆರೆಕ ಎಂದು ಮೂರು ಸುತ್ತು ಕೊಡುತ್ತಾರೆ. ಮೊದಲ ಬಟ್ಟಲಿಗೇ ಎದ್ದು ಹೋಗುವುದು ಮರ್ಯಾದೆಯಲ್ಲ. ಇಂಥವರು ರಫ್ತಿನಲ್ಲಿ ಹಿಂದೆ ಬಿದ್ದರೆ ಬೀಳಲಿ ಬಿಡಿ.

ನಮ್ಮ ಮಲೆನಾಡಿನಲ್ಲಿ ಒಳ್ಳೆಯ ಕಾಳೆಲ್ಲ ಕ್ಯೂರಿಂಗಿಗೆ ಹೋಗಿ, ಕಪ್ಪು, ಕಂದು, ಚೂರು ಕಾಳು ಸೇರಿದ 'ಬಿಬಿಬಿ' ಚಿಕೋರಿ ಬೆರೆಸಿಕೊಂಡು ಬೆಲ್ಲದ ನೀರಿಗೆ ಬೀಳುವುದೇ ಹೆಚ್ಚು. ಗೌಡರ ಅಮ್ಮ ಮಾತ್ರ ಈ ಪೈಕಿ ಅಲ್ಲ. ವರ್ಷವೂ ಕಣದ ಮೂಲೆಯಿಂದ ಒಳ್ಳೆಯ ಪಾರ್ಚ್‌ಮೆಂಟ್ ನಾಲ್ಕಾರು ಸೇರು ಬಾಚಿ, ಸೆರಗಿನ ಮರೆಯಲ್ಲಿ ಒಳಗೆ ಸಾಗಿಸುತ್ತಾರೆ. ಮಗನ ಪುಸ್ತಕದಲ್ಲಿ ಅದು ಒಣಗುವಾಗ ಇಳಿದ ತೂಕ.