ಇಸವಿಯ ಕೆಳಗಿನ ಗುರುತು

ಚಿಲ್ಲರೆ ತಿರುವಿ ನೋಡುವ ಚಟ ನಮ್ಮಲ್ಲಿ ನಾಲ್ವರಿಗಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ತಾಲ್ಲೂಕಿಗೊಬ್ಬರು. ನೋಟು ನಮ್ಮ ಮೈಸೂರಿನಲ್ಲೇ ಅಚ್ಚಾಗುತ್ತದೆ, 1996ರಿಂದ ಅಲ್ಲಿ ಮುದ್ರಣಾಲಯವಿದೆ. ನಾಣ್ಯ ಮಾತ್ರ ದೂರದಿಂದ ಬರಬೇಕು. ಎಲ್ಲಿಂದ ಬಂತು ಅನ್ನುವುದನ್ನು ಇಸವಿಯ ಕೆಳಗೆ ನೋಡಬೇಕು. ವಜ್ರದಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡನೆ ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಟೀ ಅಂಗಡಿಯಲ್ಲಿ ಇಷ್ಟು ಹೇಳಿದರೆ ಸಾಕು, ಪಕ್ಕದವರೂ ಜೇಬಿಗೆ ಕೈ ಹಾಕುತ್ತಾರೆ.

ನಮಗೆ ಈ ಹುಚ್ಚು ಹಿಡಿಸಿದ್ದು 1985ರ ಒಂದು ರೂಪಾಯಿ. ಆಗ ಸರ್ಕಾರ ಹೊರದೇಶದಲ್ಲೂ ನಾಣ್ಯ ಮಾಡಿಸಿತ್ತು. ಆ ವರ್ಷದ ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ‘ಎಚ್’ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ವಜ್ರದ ಗುರುತು ಇಸವಿಯ ಮೊದಲ ಅಂಕಿಯ ಕೆಳಗಿದ್ದರೆ ಬ್ರಿಟನ್ನಿನ ವೇಲ್ಸ್‌ನಿಂದ ಬಂದದ್ದು. ನಮ್ಮ ನೋಯ್ಡಾ ಟಂಕಸಾಲೆ ಶುರುವಾದದ್ದು ಆಮೇಲೆ, 1988ರಲ್ಲಿ. ಚುಂಚನಕಟ್ಟೆ ಜಾತ್ರೆಯಲ್ಲಿ ಕಡ್ಲೆಪುರಿ ಮಾರುವವರ ಡಬ್ಬದಲ್ಲಿ ವೇಲ್ಸ್‌ನ ರೂಪಾಯಿ ಸಿಕ್ಕಿದಾಗ ನಾವು ಕುಣಿದಾಡಿದ್ದೆವು. ಅಂಥವು ಕೋಟಿಗಟ್ಟಲೆ ಬಂದಿದ್ದವು, ಮಾರಿದರೆ ದೊಡ್ಡ ದುಡ್ಡೇನೂ ಬರುವುದಿಲ್ಲ. ಆದರೂ ಕಾವೇರಿ ದಡದ ಜಾತ್ರೆಗೆ ಅದು ಯಾವ ಯಾವ ಕೈ ದಾಟಿ ಬಂದಿರಬಹುದು ಎಂದು ಯೋಚಿಸಿದರೆ ಮೈ ಜುಂ ಅನ್ನುತ್ತದೆ.

ಟಂಕಸಾಲೆಯ ತಪ್ಪು ಬೇರೆ, ಆಮೇಲೆ ಆದ ಗಾಯ ಬೇರೆ. ಇದನ್ನು ಬಿಡಿಸಿ ಹೇಳುವುದರಲ್ಲೇ ನಮ್ಮ ಅರ್ಧ ಹೊತ್ತು ಹೋಗುತ್ತದೆ. ನಾಣ್ಯದ ಮೇಲೆ ಕೂದಲೆಳೆಯಂಥ ಗೆರೆ ಉಬ್ಬಿಕೊಂಡಿದ್ದರೆ ಅಚ್ಚೇ ಬಿರುಕು ಬಿಟ್ಟಿತ್ತು, ಆ ಬಿರುಕಿಗೆ ಲೋಹ ನುಗ್ಗಿದೆ ಎಂದರ್ಥ. ಗೆರೆ ಒಳಕ್ಕೆ ಇಳಿದಿದ್ದರೆ ಯಾರೋ ಕಲ್ಲಿಗೆ ಉಜ್ಜಿದ್ದಾರೆ. ಬಿಲ್ಲೆ ಸರಿಯಾಗಿ ಕೂರದೆ ಏಟು ಬಿದ್ದರೆ ಚಿತ್ರ ಒಂದು ಪಕ್ಕಕ್ಕೆ ಸರಿದು ಇನ್ನೊಂದು ಪಕ್ಕ ಬೋಳಾಗಿ ಉಳಿಯುತ್ತದೆ. ಒಮ್ಮೊಮ್ಮೆ ಮೊದಲು ಹೊಡೆದ ನಾಣ್ಯ ಅಚ್ಚಿನಲ್ಲೇ ಸಿಕ್ಕಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತುತ್ತದೆ. ಆಗ ಒಂದು ಬದಿ ಸರಿಯಾಗಿರುತ್ತದೆ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ತಗ್ಗಾಗಿ ಮೂಡಿರುತ್ತದೆ. ಸಂಗ್ರಾಹಕರು ಇದನ್ನು ‘ಲಾಖಿ’ ಅನ್ನುತ್ತಾರೆ, ಲಕ್ಷಕ್ಕೊಂದು ಎಂಬ ಲೆಕ್ಕದಲ್ಲಿ. ಲಕ್ಷ ರೂಪಾಯಿ ಬೆಲೆ ಎಂದು ತಿಳಿದವರೂ ಇದ್ದಾರೆ.

ನಮಗೆ ಲಾಖಿ ಈವರೆಗೆ ಒಂದೂ ಸಿಕ್ಕಿಲ್ಲ. ಸಿಕ್ಕಿದ್ದರಲ್ಲಿ ಒಳ್ಳೆಯದೆಂದರೆ ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎರಡು ರೂಪಾಯಿ. ಪಕ್ಕಕ್ಕೆ ತಿರುಗಿಸಿದರೆ ಎರಡೂ ಬದಿ ನೆಟ್ಟಗೆ ಕಾಣಬೇಕು, ಅದರ ಹಿಂಬದಿ ಓರೆಯಾಗಿ ನಿಂತಿದೆ. ಕೆ.ಆರ್. ನಗರದಲ್ಲಿ ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ರೂಪಾಯಿಯನ್ನೂ ‘ಮಿಂಟ್ ಎರರ್’ ಎಂದು ತಂದು ತೋರಿಸಿದ ಹುಡುಗರಿದ್ದಾರೆ. ಅವರ ಧೈರ್ಯ ಮೆಚ್ಚಬೇಕು.

ಚಿಲ್ಲರೆ ಈಗ ಮೊದಲಿನಷ್ಟು ಓಡಾಡುವುದಿಲ್ಲ. ಸೊಪ್ಪಿನ ಗುಡ್ಡೆಯ ಪಕ್ಕದಲ್ಲೂ ಸ್ಕ್ಯಾನ್ ಮಾಡುವ ಚೀಟಿ ನಿಂತಿದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಕಂಡಕ್ಟರ್ ಚೀಲವೂ ಹಗುರಾಗಿದೆ, ಹೆಂಗಸರ ಟಿಕೆಟ್ಟಿಗೆ ಕಾಸಿಲ್ಲ. ಒಳ್ಳೆಯದೇ ಆಯಿತು, ನಮ್ಮ ಹವ್ಯಾಸಕ್ಕೆ ಮಾತ್ರ ಪೆಟ್ಟು. ನಾಲ್ಕಾಣೆ 2011ರ ಜೂನ್ 30ಕ್ಕೇ ಮುಗಿಯಿತು. ಎಂಟಾಣೆ ಕಾನೂನಿನಲ್ಲಿ ಬದುಕಿದೆ, ಸಂತೆಯಲ್ಲಿ ಸತ್ತಿದೆ.

ಈಗ ರಾಶಿಯಾಗಿ ಸಿಗುವುದು ಹತ್ತು ರೂಪಾಯಿಯ ನಾಣ್ಯ, ಅದೂ ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂದು ಯಾರೋ ಹಬ್ಬಿಸಿದರು. ನಿಜ ಸಂಗತಿ ಇಷ್ಟೇ: 2011ರಲ್ಲಿ ರೂಪಾಯಿ ಚಿಹ್ನೆ ಬಂದಾಗ ವಿನ್ಯಾಸ ಬದಲಾಯಿತು, ಗೆರೆ ಕಡಿಮೆಯಾದವು. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಕೊಟ್ಟಿತು. ಆದರೂ ಹುಣಸೂರಿನ ಒಂದು ಪೆಟ್ಟಿಗೆ ಅಂಗಡಿಯ ಅಕ್ಕನ ಬಳಿ ಇಂಥ ನಾಣ್ಯ ಬೂಸ್ಟ್ ಡಬ್ಬದ ತುಂಬ ಇದ್ದವು. ಗಿರಾಕಿ ಕೊಟ್ಟಾಗ ಇಸಿದುಕೊಂಡಿದ್ದಾರೆ, ಸಾಮಾನು ಹಾಕುವವನು ಅವರಿಂದ ತೆಗೆದುಕೊಳ್ಳುತ್ತಿಲ್ಲ. ನಾವು ನೋಟು ಕೊಟ್ಟು ಡಬ್ಬ ಬಗ್ಗಿಸಿಕೊಂಡೆವು. ರಾತ್ರಿಯೆಲ್ಲ ನೋಡಿದರೂ ತಪ್ಪು ಅಚ್ಚಿನದು ಒಂದೂ ಇರಲಿಲ್ಲ. ಅಕ್ಕನಿಗೆ ಮಾರನೇ ದಿನ ಹಾಲಿನ ಬಾಕಿ ತೀರಿತು.

ಎಚ್.ಡಿ. ಕೋಟೆಯ ನಮ್ಮ ಗೆಳತಿಯನ್ನು ಸೊಪ್ಪು ಮಾರುವ ಒಬ್ಬ ಅಜ್ಜಿ ಹುಡುಕಿಕೊಂಡು ಬಂದದ್ದು ಇದರ ಸುದ್ದಿ ಕೇಳಿಯೇ. ಸೆರಗಿನ ತುದಿಯ ಗಂಟು ಬಿಚ್ಚಿ ಐದು ರೂಪಾಯಿ ತೆಗೆದರು. ಅದರ ಮೇಲೆ ವೈಷ್ಣೋದೇವಿಯ ಚಿತ್ರ. “ಇದ್ಕೆ ಹತ್ತ್ ಲಕ್ಷ ಬತ್ತದಂತೆ ಕಣವ್ವ, ನೀನೊಂದ್ಸಲ ನೋಡ್ಬುಡು” ಅಂದರು. ಮೊಮ್ಮಗ ವಿಡಿಯೊ ನೋಡಿ ಅದರಲ್ಲಿದ್ದ ನಂಬರಿಗೆ ಫೋಟೊ ಕಳಿಸಿದ್ದ. ಮೊದಲು ನೋಂದಣಿ ಶುಲ್ಕ ಕೇಳಿದರು, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಮೊಹರಿದ್ದ ಒಂದು ಪತ್ರ ಕಳಿಸಿ ಇನ್ನಷ್ಟು. ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ ಹೀಗೆ ಹೋಗಿತ್ತು.

ಆ ನಾಣ್ಯ 2012ರ ಇಸವಿಯದು, ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿನದು, ಚಲಾವಣೆಗೆಂದೇ ಬಿಟ್ಟದ್ದು. ನಮ್ಮ ಡಬ್ಬಗಳಲ್ಲೂ ಇವೆ. ತನ್ನ ಹೆಸರು, ಲಾಂಛನ ಬಳಸಿ ಹಳೇ ನಾಣ್ಯ, ನೋಟಿನ ವ್ಯವಹಾರಕ್ಕೆ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಅದು ಅಜ್ಜಿಯ ಮೊಮ್ಮಗನ ಫೋನಿಗೆ ತಲುಪಲಿಲ್ಲ, ವಿಡಿಯೊ ತಲುಪಿತು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಚುಚ್ಚಿದ್ದು ಇದೇ.

ಗೆಳತಿ ನಿಜ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಐದ್ರುಪಾಯಿಗಾದ್ರೂ ನಡೀತದಾ?” ಎಂದು ಕೇಳಿದರು. ನಡೆಯುತ್ತದೆ ಅಂದಾಗ ಮತ್ತೆ ಸೆರಗಿಗೇ ಕಟ್ಟಿಕೊಂಡರು. 1930ಕ್ಕೆ ಕರೆ ಮಾಡಿ ದೂರು ಕೊಡಿಸಿದ್ದೇವೆ, ದುಡ್ಡಿನ್ನೂ ಬಂದಿಲ್ಲ. ಈಗ ಯಾರಾದರೂ ನಾಣ್ಯ ತೋರಿಸಲು ಬಂದರೆ ನಾವು ಭೂತಗನ್ನಡಿ ತೆಗೆಯುವ ಮೊದಲು, ಯಾರಿಗಾದರೂ ದುಡ್ಡು ಹಾಕಿದ್ದೀರಾ ಎಂದು ಕೇಳುತ್ತೇವೆ.

ಹೋದ ವಾರ ಆ ಹುಡುಗನಿಗೆ ಬೇರೆ ನಂಬರಿನಿಂದ ಮತ್ತೆ ಕರೆ ಬಂದಿತ್ತಂತೆ. ಈ ಸಲ ಎಂಟಾಣೆ ಇದೆಯಾ ಎಂದು ಕೇಳಿದರಂತೆ.