ಮಗಳೊಡನೆ ಎಲ್ಕ್ ಬೇಟೆಗೆ

ಕೊಡಗಿನವನಾದ ನನಗೆ ಬೇಟೆಯೆಂಬುದು ಹೊಸ ಮಾತಲ್ಲ. ಆದರೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬರಿಗೈಯಲ್ಲಿ, ಕೋವಿ ಹಿಡಿದ ಮಗಳ ಬೆನ್ನ ಹಿಂದೆ ಪರದೇಶದ ಕಾಡಿನಲ್ಲಿ ನಡೆಯುವೆನೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಅದೂ ನಡೆದುಹೋಯಿತು.

ನನ್ನ ಮಗಳು ಅಮೆರಿಕಾದ ಕೊಲೊರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿ ಹನ್ನೆರಡು ವರ್ಷಗಳಿಂದ ಉದ್ಯೋಗದಲ್ಲಿರುವಳು. ಅಲ್ಲಿಯ ಸ್ನೇಹಿತರ ಸಹವಾಸದಿಂದ ಬೇಟೆಯ ಪಾಠಗಳನ್ನು ಕ್ರಮವಾಗಿ ಕಲಿತು, ಪರೀಕ್ಷೆ ಕೊಟ್ಟು, ಅಧಿಕಾರ ಪತ್ರವನ್ನು ಪಡೆದಿದ್ದಳು. ಆ ವರ್ಷ ಚೀಟಿ ಎತ್ತಿದಾಗ ಅವಳಿಗೆ ಒಂದು ಹೆಣ್ಣು ಎಲ್ಕಿನ ಅನುಮತಿ ಬಂದಿತು. “ಅಪ್ಪಾ, ನೀವು ಜತೆಗೆ ಬಂದರೆ ಹೋಗುತ್ತೇನೆ, ಇಲ್ಲವಾದರೆ ಬೇಡ” ಎಂದು ಬರೆದಳು. ನಾನು ಹೊರಟೆನು. ಆ ಸಂಸ್ಥಾನದಲ್ಲಿ 1949ನೆಯ ಇಸವಿ ಜನವರಿ ಒಂದರಿಂದೀಚೆಗೆ ಹುಟ್ಟಿದವರಾರೂ ಶಿಕ್ಷಣಪತ್ರವಿಲ್ಲದೆ ಬೇಟೆಯ ಅನುಮತಿ ಪಡೆಯುವಂತಿಲ್ಲ. ನಾನು ಹುಟ್ಟಿದುದು 1951ರಲ್ಲಿ. ಹನ್ನೆರಡನೆಯ ವರ್ಷದಿಂದ ಕೋವಿ ಹಿಡಿದವನಿಗೆ ಪತ್ರವಿಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಡುವುದಷ್ಟನ್ನೇ ಕಂಡು ಬೆಳೆದವಳಿಗೆ ಪತ್ರವುಂಟು! ಹೀಗಾಗಿ ನಾನು ನೋಡುವವನಾಗಿಯೇ ಹೋದೆನು.

ಎಲ್ಕ್ ಎಂಬ ಹೆಸರಿನಲ್ಲಿ ಒಂದು ಗೊಂದಲವಿದೆ. ಯೂರೋಪಿನಲ್ಲಿ ಈ ಹೆಸರು ಬೇರೊಂದು ಮೃಗಕ್ಕೆ, ಅಮೆರಿಕಾದವರು ಮೂಸ್ ಎಂದು ಕರೆಯುವ ಪ್ರಾಣಿಗೆ, ಸಲ್ಲುತ್ತದೆ. ಅಮೆರಿಕಾದ ಎಲ್ಕಿಗೆ ವಾಪಿಟಿ ಎಂಬ ಇನ್ನೊಂದು ಹೆಸರುಂಟು. ಶಾನಿ ಎಂಬ ಮೂಲನಿವಾಸಿಗಳ ನುಡಿಯಲ್ಲಿ ಬಿಳಿಯ ಹಿಂಭಾಗವುಳ್ಳದ್ದು ಎಂದರ್ಥ. ನಮ್ಮ ಕಡವೆಯ ಬಳಗಕ್ಕೆ ಸೇರಿದ್ದೇ ಆದರೂ ಗಾತ್ರದಲ್ಲಿ ದೊಡ್ಡದು. ಗಂಡು 300 ಕಿಲೋಗ್ರಾಮಿಗೂ ಮಿಗಿಲಾಗಿ ತೂಗುತ್ತದೆ. ಹೆಣ್ಣು ಸುಮಾರು 225. ಕೊಂಬು ಗಂಡಿಗೆ ಮಾತ್ರ. ಅದು ವರ್ಷವರ್ಷವೂ ಉದುರಿ ಹೊಸದಾಗಿ ಹುಟ್ಟುತ್ತದೆ.

ಡೆನ್ವರಿನಿಂದ ಮೋಟಾರಿನಲ್ಲಿ ಪಶ್ಚಿಮಕ್ಕೆ ಹೊರಟು, ಹನ್ನೊಂದು ಸಾವಿರ ಅಡಿಯೆತ್ತರದ ಸುರಂಗವನ್ನು ದಾಟಿ, ರೈಫಲ್ ಎಂಬ ಹೆಸರಿನದೇ ಒಂದು ಊರಿನಲ್ಲಿ ಉತ್ತರಕ್ಕೆ ತಿರುಗಿದೆವು. ಬೇಟೆಗೆ ಹೋಗುವವರಿಗೆ ಇದಕ್ಕಿಂತ ಶುಭಶಕುನ ಯಾವುದು? ಅಲ್ಲಿಂದ ಮೀಕರ್ ಎಂಬ ಸಣ್ಣ ಪೇಟೆ. ಹಿಂದೆ ಇದು ಯೂಟ್ ಜನರ ನಾಡು. 1879ರಲ್ಲಿ ಇಲ್ಲಿ ನಡೆದ ಕಾಳಗದ ತರುವಾಯ, 1881ರಲ್ಲಿ ಅವರನ್ನು ಯೂಟಾ ಪ್ರಾಂತಕ್ಕೆ ಅಟ್ಟಿದರು. ಅವರು ಬೇಟೆಯಾಡುತ್ತಿದ್ದ ಬೆಟ್ಟದಲ್ಲಿಯೇ ನಾವು ಈಗ ಹಣ ತೆತ್ತು ಬೇಟೆಯಾಡುವೆವೆಂಬುದು ಮನಸ್ಸಿನಲ್ಲಿ ಸುಳಿಯದಿರಲಿಲ್ಲ.

ಮೀಕರಿನ ಪೂರ್ವಕ್ಕೆ ಫ್ಲ್ಯಾಟ್ ಟಾಪ್ಸ್ ಎಂಬ ಚಪ್ಪಟೆ ನೆತ್ತಿಯ ಮಹಾಪರ್ವತ. ಅದರ ಒಳಭಾಗಕ್ಕೆ ಮೋಟಾರು ಹೋಗಕೂಡದು, ಸೈಕಲ್ಲೂ ಕೂಡದು. ಕುದುರೆ ಅಥವಾ ಕಾಲು. ನಮ್ಮ ಮಾರ್ಗದರ್ಶಿ ಐವತ್ತು ದಾಟಿದ ಮಿತಭಾಷಿ. ಅತ್ಯಂತ ಸಾಧುವಾದ ಕುದುರೆಯನ್ನು ನನಗೆ ಕೊಟ್ಟನು. ಮೂರು ಗಂಟೆ ಸವಾರಿ ಮಾಡಿ ಹತ್ತು ಸಾವಿರ ಅಡಿಯ ಮೇಲಿನ ಡೇರೆಗಳನ್ನು ಸೇರುವಷ್ಟರಲ್ಲಿ ಉಸಿರು ಮೇಲಕ್ಕೂ ಕೆಳಕ್ಕೂ ಒದ್ದಾಡುತ್ತಿತ್ತು. ಮಗಳು ಮಾತನಾಡಲಿಲ್ಲ; ನೀರಿನ ಬಾಟಲನ್ನು ಮಾತ್ರ ಪದೇ ಪದೇ ಕೈಗಿಡುತ್ತಿದ್ದಳು.

ಆ ಕಾಡಿನಲ್ಲಿ ಬೂದುಬಣ್ಣದ ಸತ್ತ ಮರಗಳು ಹಸುರಿನ ನಡುವೆ ಇನ್ನೂ ನಿಂತಿವೆ. 1940ರ ದಶಕದಲ್ಲಿ ಸ್ಪ್ರೂಸ್ ಮರಗಳನ್ನು ತೊಗಟೆಹುಳು ತಿಂದುಹಾಕಿತು, ಅದರ ಅವಶೇಷವಿದು. ಎಲ್ಕುಗಳ ಕಥೆಯೂ ಒಮ್ಮೆ ಹೀಗೆಯೇ ಮುಗಿಯುವುದರಲ್ಲಿತ್ತು. ಗಣಿಯ ಪೇಟೆಗಳಿಗೆ ಮಾಂಸ ಮಾರುವವರು ಕಂಡಕಂಡಲ್ಲಿ ಹೊಡೆದು, 1910ರ ಸುಮಾರಿಗೆ ಕೊಲೊರಾಡೊದಲ್ಲಿ ಸಾವಿರದಷ್ಟೂ ಉಳಿದಿರಲಿಲ್ಲ. ಬಳಿಕ ಬೇಟೆ ನಿಲ್ಲಿಸಿ, ವಯೋಮಿಂಗಿನಿಂದ ಮೃಗಗಳನ್ನು ತಂದು ಬಿಟ್ಟರು. ಈಗ ಎರಡೂವರೆ ಲಕ್ಷಕ್ಕೆ ಮೀರಿ ಇವೆ. 1937ರ ಶಾಸನವೊಂದರಿಂದ ಕೋವಿ, ತೋಟಾಗಳ ಮೇಲೆ ಹಾಕಿದ ತೆರಿಗೆ ಕಾಡುಮೃಗಗಳ ರಕ್ಷಣೆಗೇ ಹೋಗುತ್ತದೆ. ನಮ್ಮಲ್ಲಿ 1972ರ ಶಾಸನ ಬೇಟೆಯನ್ನೇ ನಿಲ್ಲಿಸಿತು. ನಮ್ಮ ಕಾಡುಗಳು ಅಂದು ಇದ್ದ ಸ್ಥಿತಿಗೆ ಅದೇ ಸರಿಯೆಂದು ನಾನು ಈಗಲೂ ಹೇಳುವೆನು.

“ಹೆಣ್ಣನ್ನು ಹೊಡೆಯುವುದೆ?” ಎಂದು ನಾನು ಮಾರ್ಗದರ್ಶಿಯನ್ನು ಕೇಳದಿರಲಿಲ್ಲ. ಜೂನಿನಲ್ಲಿ ಹುಟ್ಟಿದ ಮರಿಗಳು ಅಷ್ಟರಲ್ಲಿ ಮೇವು ತಿನ್ನುತ್ತವೆಯೆಂದೂ, ಹಿಂಡು ಬೆಳೆಯುವುದು ಹೆಣ್ಣುಗಳಿಂದಲೇ ಆದುದರಿಂದ ಎಣಿಕೆಯನ್ನು ಮೇವಿನ ಮಿತಿಯಲ್ಲಿ ಇಡಬೇಕಾದರೆ ಬೇರೆ ದಾರಿಯಿಲ್ಲವೆಂದೂ ಅವನು ಹೇಳಿದನು. ಬುದ್ಧಿ ಒಪ್ಪಿತು, ಮನಸ್ಸು ಸ್ವಲ್ಪ ಹಿಂದೆ ಬಿತ್ತು.

ಬೇಟೆಯ ಅವಧಿ ಐದೇ ದಿನ. ಮೊದಲ ದಿನವಾದ ಹದಿನಾಲ್ಕರಂದು ಸೂರ್ಯಗ್ರಹಣ! ಹಗಲಿನಲ್ಲಿಯೇ ಬಿಸಿಲು ಮಂಕಾಗಿ ಬೆಟ್ಟವೆಲ್ಲ ತಣ್ಣಗಾಯಿತು. ಮಗಳು ನಕ್ಕು, “ಅಜ್ಜಿ ಇದ್ದಿದ್ದರೆ ಡೇರೆಯಿಂದ ಹೊರಗೆ ಬಿಡುತ್ತಿರಲಿಲ್ಲ” ಎಂದಳು. ಆ ದಿನವೂ ಮರುದಿನವೂ ಹಳೆಯ ಹೆಜ್ಜೆಗಳಲ್ಲದೆ ಏನೂ ಕಾಣಲಿಲ್ಲ. ಮುಂಜಾನೆಯ ಕತ್ತಲಲ್ಲಿ ಮಾತ್ರ ದೂರದಿಂದ ಗಂಡೆಲ್ಕಿನ ಕೂಗು ಕೇಳಿಸಿತು. ಅಷ್ಟು ದೊಡ್ಡ ಮೃಗದ ಗಂಟಲಿನಿಂದ ಕೊಳಲಿನಂಥ ಸಣ್ಣ ಸ್ವರ ಏರಿ ಏರಿ ಹೊರಟು ಕಡೆಗೆ ಗೊರಗೊರನೆ ಮುಗಿಯುತ್ತದೆ.

ಮೂರನೆಯ ಸಂಜೆ ಹಿಂಡು ಕಾಡಿನಂಚಿನಿಂದ ಹುಲ್ಲುಗಾವಲಿಗೆ ಇಳಿಯಿತು. ಇನ್ನೂರೈವತ್ತು ಗಜ ದೂರ. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಗುಂಡು ಹಾರಿಸಲು ಅಲ್ಲಿ ಕಾನೂನು ಒಪ್ಪುತ್ತದೆ. ಇನ್ನೂ ಹತ್ತು ನಿಮಿಷವಿತ್ತು. ಮಾರ್ಗದರ್ಶಿ ಆಗಬಹುದೆಂದು ತಲೆಯಾಡಿಸಿದನು. ಮಗಳು ಕೋವಿಯನ್ನು ಭುಜಕ್ಕೇರಿಸಿ, ಬಹಳ ಹೊತ್ತು ನೋಡಿ, ಕೆಳಗಿಳಿಸಿದಳು. ಹಿಂಡು ಕತ್ತಲಲ್ಲಿ ಕರಗಿತು. ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ.

ರಾತ್ರಿ ಡೇರೆಯಲ್ಲಿ ಕಾರಣ ಕೇಳಿದೆನು. “ಬಿದ್ದರೆ ಸರಿ ಅಪ್ಪಾ. ಗಾಯವಾಗಿ ಓಡಿದರೆ ಈ ಕತ್ತಲೆಯಲ್ಲಿ ಎಲ್ಲಿ ಹುಡುಕಲಿ?” ಎಂದಳು.

ಐವತ್ತಮೂರು ವರ್ಷ ಯಾರಿಗೂ ಹೇಳದಿದ್ದುದನ್ನು ಅಂದು ಅವಳಿಗೆ ಹೇಳಿದೆನು. 1970ರಲ್ಲಿ, ನನಗೆ ಹತ್ತೊಂಬತ್ತು ವರ್ಷ. ಬ್ರಹ್ಮಗಿರಿಯ ತಪ್ಪಲಿನಲ್ಲಿ, ಇಂಥದೇ ಮಬ್ಬಿನಲ್ಲಿ, ಒಂದು ಕಡವೆಗೆ ಗುಂಡು ಹಾರಿಸಿದೆನು. ಹೊಟ್ಟೆಗೆ ಬಿದ್ದಿತು. ರಕ್ತವನ್ನು ಕಂಡೂ ಕತ್ತಲೆಗೆ ಅಂಜಿ ಹಿಂದಿರುಗಿ, ತಂದೆಯವರಿಗೆ ಗುರಿ ತಪ್ಪಿತೆಂದು ಹೇಳಿದೆನು. ಮೂರನೆಯ ದಿನ ತೋಡಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ತಂದೆಯವರು ಆ ಕಡೆ ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಕೋವಿಯ ಬೀರುವಿನ ಬೀಗದ ಕೈ ಮಾತ್ರ ಅಂದಿನಿಂದ ಅವರ ಸೊಂಟದಲ್ಲಿಯೇ ಇತ್ತು. ಅವರು ಮತ್ತೆ ಅದನ್ನು ನನಗೆ ಕೊಡುವುದರೊಳಗೆ ಬೇಟೆಯ ಕಾಲವೇ ಮುಗಿಯಿತು.

“ಅಜ್ಜನಿಗೆ ಆಮೇಲಾದರೂ ಹೇಳಲಿಲ್ಲವೆ?”

“ಇಲ್ಲ. ಅವರಿಗೆ ತಿಳಿದಿತ್ತು.”

ಅವಳು ಎದ್ದು ಕಬ್ಬಿಣದ ಒಲೆಗೆ ಒಂದು ಕೊರಡನ್ನಿಟ್ಟು, ನನ್ನ ಕಂಬಳಿಯನ್ನು ಸರಿಪಡಿಸಿ ಮಲಗಿದಳು.

ಹದಿನೇಳರ ಬೆಳಿಗ್ಗೆ ಎಂಟು ಗಂಟೆಗೆ, ಗಾಳಿ ನಮ್ಮ ಮುಖದ ಕಡೆಗೆ ಬೀಸುತ್ತಿರಲು, ಆಸ್ಪೆನ್ ಮರಗಳ ಸಾಲಿನಲ್ಲಿ ಒಂದು ಹೆಣ್ಣೆಲ್ಕ್ ಪಕ್ಕವಾಗಿ ನಿಂತಿತು. ನೂರೈವತ್ತು ಗಜವೂ ಇರಲಿಲ್ಲ. ಮಗಳು ನೆಲಕ್ಕೆ ಒರಗಿ, ಕೋವಿಯನ್ನು ಗಂಟಿನ ಮೇಲಿಟ್ಟು, ಒಂದೇ ಗುಂಡು ಹಾರಿಸಿದಳು. ಮೃಗ ಬೆನ್ನು ಬಾಗಿಸಿ ಕಾಡಿನೊಳಕ್ಕೆ ಓಡಿತು.

ಅರ್ಧ ಗಂಟೆ ಕಾಯಬೇಕೆಂದನು ಮಾರ್ಗದರ್ಶಿ. ಬೆನ್ನಟ್ಟಿದರೆ ಗಾಯಗೊಂಡ ಮೃಗ ಬಹುದೂರ ಓಡುತ್ತದೆ. ಅಷ್ಟು ದೀರ್ಘವಾದ ಅರ್ಧ ಗಂಟೆಯನ್ನು ನಾನು ಕಂಡಿಲ್ಲ. ಮಗಳ ಕೈ ನಡುಗುತ್ತಿತ್ತು, ಹಿಡಿದುಕೊಂಡೆನು. ಹಿಡಿದ ಕೈಯೂ ನಡುಗುತ್ತಿತ್ತು.

ಬಳಿಕ ನೆಲವನ್ನು ನೋಡಿದೆವು. ಉದುರಿದ ಹಳದಿ ಎಲೆಗಳ ಮೇಲೆ ರಕ್ತವನ್ನು ಮೊದಲು ಕಂಡವನು ನಾನೇ. ಕಪ್ಪಲ್ಲ, ತಿಳಿಗೆಂಪು, ಜತೆಗೆ ನೊರೆ. “ಶ್ವಾಸಕೋಶ!” ಎಂದು ಕೂಗಿಬಿಟ್ಟೆನು. ಮಾರ್ಗದರ್ಶಿ ಕನ್ನಡವರಿಯದಿದ್ದರೂ ತಲೆಯಾಡಿಸಿದನು. ಎಂಬತ್ತು ಹೆಜ್ಜೆ ನಡೆದಲ್ಲಿ, ಬಿದ್ದ ಮರವೊಂದರ ಪಕ್ಕದಲ್ಲಿ, ಅದು ಮಲಗಿದಂತೆ ಬಿದ್ದಿತ್ತು. ಮಗಳು ಅದರ ಕೊರಳ ಮೇಲೆ ಕೈಯಿಟ್ಟು ಅತ್ತಳು.

ಮಾಂಸವನ್ನು ಹಾಳುಮಾಡಿ ಬರುವುದು ಅಲ್ಲಿ ಅಪರಾಧ. ನಾಲ್ಕು ತೊಡೆಗಳನ್ನೂ ಬೆನ್ನಿನ ಮಾಂಸವನ್ನೂ ಬಿಡಿಸಿ, ಬಟ್ಟೆಯ ಚೀಲಗಳಲ್ಲಿ ತುಂಬಿ ಕುದುರೆಗಳ ಮೇಲೆ ಹೇರುವುದರೊಳಗೆ ಮಧ್ಯಾಹ್ನ ಮೀರಿತು. ಆ ಹೊತ್ತಿಗೆ ನಮ್ಮ ಊರಿನಲ್ಲಿ ನಡುರಾತ್ರಿ ಕಳೆದು, ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕಾಗಿ ಜನ ನೆರೆದಿದ್ದರು. ಕಾವೇರಿ ಸಂಕ್ರಮಣದಂದು ನಾವು ಮಾಂಸ ಮುಟ್ಟುವವರಲ್ಲ. ಆ ರಾತ್ರಿ ರೊಟ್ಟಿಯನ್ನೂ ಹುರುಳಿಕಾಯಿಯನ್ನೂ ತಿಂದು ಮಲಗಿದೆವು. ಅಷ್ಟು ಮಾಂಸವಿಟ್ಟುಕೊಂಡು ಇದೇನೆಂದು ಮಾರ್ಗದರ್ಶಿಗೆ ಆಶ್ಚರ್ಯ. ಮರುದಿನ ನಾನೇ ಒಲೆಯ ಮುಂದೆ ಕುಳಿತು, ಮಗಳು ಮನೆಯಿಂದ ತಂದಿದ್ದ ಕರಿಮೆಣಸನ್ನೂ ಕಾಚಂಪುಳಿಯನ್ನೂ ಹಾಕಿ ಬೇಯಿಸಿದೆನು. ಅವನು ಮೂರು ಸಲ ಬಡಿಸಿಕೊಂಡನು.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವ ಪದ್ಧತಿಯುಂಟು. ಇವಳು ಹುಟ್ಟಿದಾಗ ಯಾರೂ ಹಾರಿಸಲಿಲ್ಲ. ನನಗೂ ಅದು ತೋಚಿರಲಿಲ್ಲ. ಊರಿಗೆ ಮರಳಿದ ಮರುದಿನ ತಂದೆಯವರ ಹಳೆಯ ಕೋವಿಯನ್ನು ಹೊರತೆಗೆದು, ಒರಸಿ, ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಿದೆನು. ಯಾರ ಮನೆಯಲ್ಲಿ ಗಂಡು ಹುಟ್ಟಿತೆಂದು ಕೇಳುತ್ತ ನೆರೆಮನೆಯವರು ಗದ್ದೆ ದಾಟಿ ಬಂದರು.